ಹಾಯಿದೋಣಿಯನ್ನು ಹೊಸ ಋತುವಿಗೆ ಸಜ್ಜುಮಾಡುವುದು: ಬೋಟ್‌ಯಾರ್ಡ್ ಕೆಲಸದ ಅಧ್ಯಯನ ಟಿಪ್ಪಣಿ

ಪಶ್ಚಿಮ ಗ್ರೀಸಿನ ಪ್ರೆವೆಜಾ ಊರಿನ ಎದುರು ದಡ ಆಕ್ಟಿಯೊ. ಅಲ್ಲಿ ದೋಣಿಗಳನ್ನು ನೆಲಕ್ಕೆತ್ತಿ ಇಡುವ, ರಿಪೇರಿ ಮಾಡುವ ಬೋಟ್‌ಯಾರ್ಡ್‌ಗಳು ಒಂದರ ಪಕ್ಕ ಒಂದಿವೆ. ಶರತ್ಕಾಲದಲ್ಲಿ ಮೇಲೆತ್ತಿಟ್ಟ ಹಾಯಿದೋಣಿಗಳು ಚಳಿ ಕಳೆದ ಮೇಲೆ, ಏಪ್ರಿಲ್-ಮೇ ಹೊತ್ತಿಗೆ, ಮತ್ತೆ ಅಯೋನಿಯನ್ ಸಮುದ್ರಕ್ಕಿಳಿಯುತ್ತವೆ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ದಿನಗಳಲ್ಲಿ ಮಲ್ಪೆಯಲ್ಲಿ ಬೋಟುಗಳ ರಿಪೇರಿ, ಬಣ್ಣ ನೋಡಿದವರಿಗೆ ಈ ಗಡಿಬಿಡಿ ಹೊಸದಲ್ಲ. ಇಲ್ಲಿ ಉದಾಹರಣೆಗೆ ಇಟ್ಟುಕೊಂಡಿರುವುದು ಸುಮಾರು 11 ಮೀಟರ್ ಉದ್ದದ ಫೈಬರ್ ದೋಣಿ; ಡೀಸೆಲ್ ಎಂಜಿನ್, ಶಾಫ್ಟಿಗೆ ಕೂಡಿಸಿದ ಪ್ರೊಪೆಲ್ಲರ್.

ಮೊದಲು ತಲೆಯಲ್ಲಿ ಕೂರಬೇಕಾದದ್ದು ಕೆಲಸದ ಕ್ರಮ. ನೀರಿನ ಮಟ್ಟಕ್ಕಿಂತ ಕೆಳಗಿನ ಕೆಲಸ ನೆಲದ ಮೇಲಷ್ಟೇ ಆಗುತ್ತದೆ; ಉಳಿದದ್ದನ್ನು ದೋಣಿ ತೇಲುವಾಗಲೂ ಮಾಡಬಹುದು. ಗ್ರೀಸ್ ಸೇರಿದ ಯುರೋಪಿನ ಷೆಂಗೆನ್ ದೇಶಗಳಿಗೆ ಅಲ್ಪಾವಧಿ ವೀಸಾದಲ್ಲಿ ಹೋಗುವ ಭಾರತೀಯರಿಗೆ 180 ದಿನಗಳಲ್ಲಿ 90 ದಿನ ಮಾತ್ರ ಸಿಗುವುದರಿಂದ, ಯಾರ್ಡಿನಲ್ಲಿ ಹೋದ ದಿನವೆಲ್ಲ ಪ್ರಯಾಣದಿಂದ ಕಳೆದ ದಿನವೇ. ಹಾಗಾಗಿ ಒಳಗಿನ ಮರಕ್ಕೆ ವಾರ್ನಿಷ್ ಹೊಡೆಯುತ್ತಾ ಕೂತು, ಕೆಳಗಿನ ವಾಲ್ವ್ ನೋಡುವುದನ್ನು ಕೊನೆಯ ದಿನಕ್ಕೆ ತಳ್ಳಬೇಡಿ.

ಏಣಿ ಹತ್ತುವ ಮುಂಚೆ ಆಸರೆಗಳನ್ನು ಒಂದು ಸುತ್ತು ನೋಡಿ. ದೋಣಿಯ ಭಾರವೆಲ್ಲ ಕೀಲ್, ಅಂದರೆ ತಳದಿಂದ ಕೆಳಕ್ಕಿಳಿದ ಭಾರದ ರೆಕ್ಕೆಯ ಮೇಲೆ ಕೂತಿರುತ್ತದೆ; ಪಕ್ಕದ ಕಬ್ಬಿಣದ ಸ್ಟ್ಯಾಂಡುಗಳು ದೋಣಿ ವಾಲದಂತೆ ತಡೆಯುತ್ತವೆ ಅಷ್ಟೆ. ಎದುರುಬದುರು ಸ್ಟ್ಯಾಂಡುಗಳನ್ನು ಸರಪಳಿಯಿಂದ ಬಿಗಿದಿರಬೇಕು, ಇಲ್ಲವಾದರೆ ಕಾಲು ಜಾರಿ ಹೊರಕ್ಕೆ ಸರಿಯುತ್ತದೆ. ಟಾರ್ಪಾಲಿನ ಹಗ್ಗವನ್ನು ಸ್ಟ್ಯಾಂಡಿಗೆ ಕಟ್ಟಲೇಬಾರದು: ಗಾಳಿಗೆ ಟಾರ್ಪಾಲು ಉಬ್ಬಿದರೆ ಸ್ಟ್ಯಾಂಡನ್ನೇ ಎಳೆದುಬಿಡುತ್ತದೆ. ಬಣ್ಣ ಹಚ್ಚಲು ಸ್ಟ್ಯಾಂಡ್ ಸರಿಸಬೇಕೆಂದರೆ ಯಾರ್ಡಿನವರನ್ನೇ ಕರೆಯಿರಿ.

ಮುಳುಗಿಸುವ ತೂತುಗಳು

ಹೆಚ್ಚು ಸಮಯ ಕೊಡಬೇಕಾದದ್ದು ದೋಣಿಯ ಒಡಲಿನ ತೂತುಗಳಿಗೆ. ಎಂಜಿನ್ ತಂಪಿಗೆ ನೀರು ಒಳಬರಲು, ಸಿಂಕ್ ಮತ್ತು ಶೌಚಾಲಯದ ನೀರು ಹೊರಹೋಗಲು ಇಂಥ ದೋಣಿಯಲ್ಲಿ ಆರೆಂಟು ತೂತುಗಳಾದರೂ ಇರುತ್ತವೆ. ಪ್ರತಿಯೊಂದಕ್ಕೂ ಒಳಗಡೆ ಸೀಕಾಕ್ ಎಂಬ ವಾಲ್ವ್, ಅದಕ್ಕೆ ಹೋಸ್ ಪೈಪ್. ಇದರಲ್ಲಿ ಒಂದು ಕೈಕೊಟ್ಟರೂ ದೋಣಿ ಮುಳುಗಬಹುದು.

ಸೀಕಾಕ್ ಯಾವ ಲೋಹದ್ದೆಂದು ತಿಳಿದುಕೊಳ್ಳಿ. ಕಂಚು ಬಹುಕಾಲ ಬಾಳುತ್ತದೆ. ಸಾದಾ ಹಿತ್ತಾಳೆಯಲ್ಲಿ ತಾಮ್ರದ ಜೊತೆ ಸತು ಇರುತ್ತದೆ; ಉಪ್ಪುನೀರಿನಲ್ಲಿ ಸತು ಕರಗಿಹೋಗಿ ತಾಮ್ರ ಮಾತ್ರ ಸ್ಪಂಜಿನಂತೆ ಉಳಿಯುತ್ತದೆ. ಹೊರಗಿನಿಂದ ಆಕಾರ ಹಾಗೇ ಇರುವುದರಿಂದ ಮೋಸಹೋಗುವುದು ಸುಲಭ. ಕಿಲುಬನ್ನು ಚಾಕುವಿನ ತುದಿಯಿಂದ ಕೆರೆದು ನೋಡಿ: ಕೆಳಗೆ ಹಳದಿ ಹೊಳಪು ಕಂಡರೆ ಒಳ್ಳೆಯದು, ಗುಲಾಬಿ ಬಣ್ಣ ಕಂಡರೆ ಆ ತುಂಡಿನ ಆಯಸ್ಸು ಮುಗಿದಿದೆ. ಸಣ್ಣ ಸುತ್ತಿಗೆಯಿಂದ ತಟ್ಟಿದಾಗ ಗಟ್ಟಿ ಲೋಹ ಠಣ್ ಎನ್ನುತ್ತದೆ, ಸತು ಕಳೆದುಕೊಂಡದ್ದು ಮಂಕಾಗಿ ಸದ್ದುಮಾಡುತ್ತದೆ. ನೆಲದ ಮೇಲಿರುವಾಗ ತಟ್ಟಲು ಹೆದರಬೇಡಿ. ಮುರಿಯುವುದಿದ್ದರೆ ಇಲ್ಲೇ ಮುರಿಯಲಿ.

ಹಿಡಿಕೆಯನ್ನು ಪೂರ್ತಿ ತೆರೆದು ಮುಚ್ಚಿ ನೋಡಿ. ಬಿಗಿದಿದ್ದರೆ ಪೈಪು ತೂರಿಸಿ ಬಲವಂತ ಮಾಡಬೇಡಿ, ಒಳಗಿನ ಕಡ್ಡಿ ತುಂಡಾಗುತ್ತದೆ. ಗ್ರೀಸ್ ಹಚ್ಚಿ ಹಿಂದೆ ಮುಂದೆ ಆಡಿಸಿ. ಆಗಲೂ ಬಿಡದಿದ್ದರೆ ಬದಲಾಯಿಸಿ. ಹೋಸ್ ಪೈಪಿಗೆ 316 ದರ್ಜೆಯ ಸ್ಟೇನ್‌ಲೆಸ್ ಕ್ಲಿಪ್, ಪೈಪು ಕೂರುವ ಮೂತಿ ಉದ್ದವಿದ್ದ ಕಡೆ ಎರಡೆರಡು. ಕ್ಲಿಪ್ಪಿನ ಅಡಿಭಾಗವನ್ನು ಪುಟ್ಟ ಕನ್ನಡಿ ಹಿಡಿದು ನೋಡಬೇಕು, ತುಕ್ಕು ಶುರುವಾಗುವುದು ಕಣ್ಣಿಗೆ ಬೀಳದ ಆ ಜಾಗದಲ್ಲೇ. ವಾಲ್ವ್ ಕೈಕೊಟ್ಟರೆ ತೂತಿಗೆ ಬಡಿಯಲೆಂದು ಪ್ರತಿ ಸೀಕಾಕ್ ಪಕ್ಕ ಅದರ ಅಳತೆಯ ಮೆದು ಮರದ ಬಿರಡೆಯೊಂದನ್ನು ದಾರದಲ್ಲಿ ಕಟ್ಟಿಡಿ.

ಶಾಫ್ಟ್, ಚುಕ್ಕಾಣಿ, ಸತುವಿನ ತುಂಡು

ಪ್ರೊಪೆಲ್ಲರ್ ಹತ್ತಿರ ಶಾಫ್ಟನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಅದನ್ನು ಹೊತ್ತಿರುವ ರಬ್ಬರ್ ಬೇರಿಂಗ್ ಸವೆದಿದ್ದರೆ ಕೈಗೇ ಗೊತ್ತಾಗುತ್ತದೆ. 25 ಮಿ.ಮೀ. ಶಾಫ್ಟಿನಲ್ಲಿ ಈ ಅಲುಗಾಟ 1.5 ಮಿ.ಮೀ. ಮುಟ್ಟಿದರೆ ಬೇರಿಂಗ್ ಬದಲಿಸಿ. ಇಲ್ಲದಿದ್ದರೆ ಶಾಫ್ಟಿನ ನಡುಕ ಗೇರ್‌ಬಾಕ್ಸ್ ಸೀಲಿಗೆ ಹೋಗುತ್ತದೆ. ಚುಕ್ಕಾಣಿಯನ್ನೂ ಹಾಗೇ ಅಲುಗಿಸಿ ನೋಡಿ. ಅದರ ಕೆಳ ಅಂಚಿನಿಂದ ಕಂದು ನೀರು ಜಿನುಗುತ್ತಿದ್ದರೆ ಒಳಗಿನ ಲೋಹದ ಚೌಕಟ್ಟು ತುಕ್ಕು ಹಿಡಿಯುತ್ತಿದೆ ಎಂದರ್ಥ.

ಆನೋಡ್ ಎಂದರೆ ತಾನು ಸವೆದು ಬೇರೆ ಲೋಹವನ್ನು ಉಳಿಸುವ ತುಂಡು. ಉಪ್ಪುನೀರಿಗೆ ಸತು ಅಥವಾ ಅಲ್ಯೂಮಿನಿಯಂ, ಸಿಹಿನೀರಿಗೆ ಮೆಗ್ನೀಸಿಯಂ. ಅರ್ಧ ಕರಗಿದ್ದರೆ ಹೊಸದು ಹಾಕಿ. ಕೂರಿಸುವ ಜಾಗವನ್ನು ಹೊಳೆಯುವಂತೆ ಉಜ್ಜಬೇಕು, ಲೋಹಕ್ಕೆ ಲೋಹ ತಾಗದಿದ್ದರೆ ರಕ್ಷಣೆಯಿಲ್ಲ. ಆನೋಡ್ ಮೇಲೆ ಬಣ್ಣ ಸೋಕಬಾರದು. ಶಾಫ್ಟಿನ ಆನೋಡನ್ನು ಬೇರಿಂಗಿಗೆ ಒತ್ತಿ ಕೂರಿಸಿದರೆ ಬೇರಿಂಗನ್ನು ತಂಪಾಗಿಡುವ ನೀರಿನ ದಾರಿ ಮುಚ್ಚುತ್ತದೆ, ಬೆರಳು ತೂರುವಷ್ಟು ಅಂತರ ಬಿಡಿ.

ತಳದ ಬಣ್ಣ

ಪಾಚಿ, ಬಾರ್ನಕಲ್ (ಅಂಟಿಕೊಳ್ಳುವ ಚಿಪ್ಪಿನ ಜೀವಿ) ಹಿಡಿಯದಂತೆ ತಳಕ್ಕೆ ಹಚ್ಚುವುದು ಆಂಟಿಫೌಲಿಂಗ್. ಹೆಚ್ಚಿನವುಗಳಲ್ಲಿ ಮುಖ್ಯ ವಿಷ ತಾಮ್ರದ ಆಕ್ಸೈಡ್. ಟ್ರೈಬ್ಯುಟೈಲ್ ಟಿನ್ ಇದ್ದ ಹಳೆಯ ಬಣ್ಣಗಳನ್ನು ತಡೆದ ಅಂತರರಾಷ್ಟ್ರೀಯ ಒಪ್ಪಂದ 2001ರಲ್ಲಿ ಅಂಗೀಕಾರವಾಗಿ 2008ರಲ್ಲಿ ಜಾರಿಗೆ ಬಂತು. ಈಗಿನದೂ ವಿಷವೇ. ಒಣಗಿದ ಬಣ್ಣವನ್ನು ಒಣಗಾಗಿಯೇ ಉಜ್ಜಿದರೆ ಆ ಧೂಳು ಶ್ವಾಸಕೋಶಕ್ಕೆ ಹೋಗುತ್ತದೆ. 80 ಗ್ರಿಟ್‌ನ ನೀರು ತಡೆಯುವ ಸ್ಯಾಂಡ್ ಪೇಪರ್, ನೀರು, ಮಾಸ್ಕ್, ಕೈಗವಸು ಇರಲಿ.

ವಸಂತದಲ್ಲಿ ದಕ್ಷಿಣದ ಗಾಳಿ ಸಹಾರಾದ ಕೆಂಧೂಳು ತರುತ್ತದೆ. ಉಜ್ಜಿ ಸಿದ್ಧಮಾಡಿದ ತಳದ ಮೇಲೆ ಅದು ಕೂತಿದ್ದರೆ ಸಿಹಿನೀರಲ್ಲಿ ತೊಳೆದು ಒಣಗಿಸಿದ ಮೇಲೆಯೇ ಬಣ್ಣ. ಇಲ್ಲವಾದರೆ ಬಣ್ಣ ಧೂಳಿಗೆ ಅಂಟಿ, ಮೊದಲ ವಾರದಲ್ಲೇ ಹಪ್ಪಳದಂತೆ ಏಳುತ್ತದೆ.

ಎಷ್ಟು ಬಣ್ಣ ಬೇಕು? ಮಧ್ಯಮ ತೂಕದ ದೋಣಿಗೆ ಅಂದಾಜು ಸೂತ್ರ: ನೀರಿನ ಮಟ್ಟದ ಉದ್ದ × (ಅಗಲ + ನೀರಿನೊಳಗಿನ ಆಳ) × 0.75. ಉದ್ದ 9 ಮೀ., ಅಗಲ 3.6, ಆಳ 1.8 ಆದರೆ ಸುಮಾರು 36 ಚದರ ಮೀಟರ್. ಎರಡು ಸಲ (ಎರಡು ಕೋಟು) ಹಚ್ಚಲು 72. ಲೀಟರಿಗೆ 10 ಚ.ಮೀ. ಹಿಡಿದರೂ 7.2 ಲೀಟರ್. ಚುಕ್ಕಾಣಿ, ಕೀಲಿನ ಮುಂದಂಚು, ನೀರಿನ ಗೆರೆಗಳಲ್ಲಿ ಹರಿವಿನ ಉಜ್ಜಾಟ ಜಾಸ್ತಿ, ಅಲ್ಲಿಗೆ ಮೂರನೇ ಕೋಟು ಬೇಕು. ಆದ್ದರಿಂದ 2.5 ಲೀಟರಿನ ಮೂರು ಡಬ್ಬಿ ಸಾಲದು, ನಾಲ್ಕು ತನ್ನಿ. ತಾಮ್ರ ಅಡಿಗೆ ಇಳಿದಿರುತ್ತದೆ, ತಳದವರೆಗೆ ಕಲಕಿ. ಮೊದಲ ಕೋಟು ಬೇರೆ ಬಣ್ಣದ್ದಾದರೆ ಅನುಕೂಲ: ಮುಂದೆ ಅದು ಇಣುಕಿದಾಗ ಮೇಲಿನ ಕೋಟು ಸವೆದದ್ದು ತಿಳಿಯುತ್ತದೆ. ಅಲ್ಯೂಮಿನಿಯಂ ಭಾಗಕ್ಕೆ ಈ ತಾಮ್ರದ ಬಣ್ಣ ತಾಗಲೇಬಾರದು, ಅಲ್ಯೂಮಿನಿಯಂ ತೂತುಬೀಳುತ್ತದೆ. ಹಚ್ಚಿದ ಮೇಲೆ ಎಷ್ಟು ಗಂಟೆ ಬಿಟ್ಟು, ಎಷ್ಟು ದಿನದೊಳಗೆ ನೀರಿಗಿಳಿಸಬೇಕೆಂಬುದು ಡಬ್ಬಿಯ ಮೇಲಿರುತ್ತದೆ, ಎರಡನ್ನೂ ಪಾಲಿಸಿ.

ಹಾಯಿಕಂಬದ ತಂತಿಗಳು

ಹಾಯಿಕಂಬವನ್ನು ಹಿಡಿದಿರುವ ಸ್ಟೇನ್‌ಲೆಸ್ ತಂತಿ 19 ಎಳೆಗಳದ್ದು. ಮೆದು ಕಾಗದದ ಕರವಸ್ತ್ರವನ್ನು ತಂತಿಯುದ್ದಕ್ಕೂ ಸವರಿ. ತುಂಡಾದ ಎಳೆ ಕಾಗದವನ್ನು ಕಚ್ಚಿಕೊಳ್ಳುತ್ತದೆ. ಬರಿಗೈಲಿ ಸವರಿದರೆ ಚರ್ಮ ಸೀಳುತ್ತದೆ. ಎಳೆಗಳು ಮೊದಲು ಹೋಗುವುದು ತಂತಿ ತುದಿಯ ಕೊಳವೆಯೊಳಗೆ ಸೇರುವ ಜಾಗದಲ್ಲಿ, ಏಕೆಂದರೆ ಅಲ್ಲಿ ನೀರು ನಿಲ್ಲುತ್ತದೆ. ಒಂದೇ ಎಳೆ ಮುರಿದಿದ್ದರೂ ಆ ತಂತಿ ಬದಲಿಸಿ. ಕಾಣುವಂತೆ ಚೆನ್ನಾಗಿದ್ದರೂ ಹತ್ತು ವರ್ಷವಾದ ತಂತಿಗಳ ಬಗ್ಗೆ ವಿಮಾ ಕಂಪನಿಗಳು ಸಾಮಾನ್ಯವಾಗಿ ಪ್ರಶ್ನೆ ಎತ್ತುತ್ತವೆ. ತಂತಿಯ ಜೋಡಣೆಗಳು ಕಳಚದಂತೆ ತಡೆಯುವ ಸ್ಪ್ಲಿಟ್ ಪಿನ್ನುಗಳು ವರ್ಷವರ್ಷ ಹೊಸವಿರಲಿ. ಹಾಯಿಯಲ್ಲಿ ಬಟ್ಟೆಗಿಂತ ಹೊಲಿಗೆ ಮೊದಲು ಬಿಸಿಲಿಗೆ ಸಾಯುತ್ತದೆ; ಉಗುರಿನಿಂದ ಕೆರೆದಾಗ ದಾರ ಕಿತ್ತುಬಂದರೆ ಹೊಲಿಸಲು ಕೊಡಿ.

ಎಂಜಿನ್

ನೀರಿನ ಪಂಪಿನ ಇಂಪೆಲ್ಲರ್ (ನೀರು ತಳ್ಳುವ ರಬ್ಬರ್ ಚಕ್ರ) ಬದಲಿಸುವಾಗ ಹಳೆಯದರ ರೆಕ್ಕೆಗಳನ್ನು ಎಣಿಸಿ. ಒಂದು ಕಡಿಮೆಯಿದ್ದರೆ ಆ ತುಂಡು ಮುಂದೆ ಕೂಲರಿನಲ್ಲಿ ಸಿಕ್ಕಿಕೊಂಡಿರುತ್ತದೆ. ಹುಡುಕಿ ತೆಗೆಯದಿದ್ದರೆ ಎಂಜಿನ್ ಕಾಯುತ್ತದೆ. ಹೊಸದಕ್ಕೆ ಗ್ಲಿಸರಿನ್ ಸವರಿ ಕೂರಿಸಿ. ನೆಲದ ಮೇಲೆ ಓಡಿಸಿ ನೋಡುವಾಗ ನೀರಿನ ಪೈಪನ್ನು ಬಕೆಟಿನಲ್ಲಿ ಇಳಿಬಿಡಿ, ನಲ್ಲಿಗೆ ನೇರ ಜೋಡಿಸಬೇಡಿ. ಎಂಜಿನ್ ಸ್ಟಾರ್ಟ್ ಆಗದೆ ನೀರು ಮಾತ್ರ ನುಗ್ಗಿದರೆ, ಅದನ್ನು ಹೊರದೂಡಲು ಹೊಗೆಯ ಒತ್ತಡವಿಲ್ಲದೆ ಸೈಲೆನ್ಸರ್ ತುಂಬಿ ಸಿಲಿಂಡರಿಗೇ ನೀರು ಬರುತ್ತದೆ. ಪದೇಪದೇ ಸ್ಟಾರ್ಟರ್ ಒತ್ತುವಾಗಲೂ ಅಪಾಯ ಇದೇ. ಡೀಸೆಲ್ ಟ್ಯಾಂಕಿನ ಅಡಿಯಿಂದ ಸ್ವಲ್ಪ ಗಾಜಿನ ಬಾಟಲಿಗೆ ತೆಗೆದು ನೋಡಿ: ಕೆಳಗೆ ನೀರು, ಕಪ್ಪು ಲೋಳೆ ಕಂಡರೆ ಟ್ಯಾಂಕ್ ಶುಚಿಮಾಡಿ ಫಿಲ್ಟರ್ ಬದಲಿಸಬೇಕು.

ಕುಡಿಯುವ ನೀರಿನ ಟ್ಯಾಂಕಿಗೆ 100 ಲೀಟರಿಗೆ 100 ಮಿ.ಲೀ. ಲೆಕ್ಕದಲ್ಲಿ 5 ಶೇಕಡಾ ಬ್ಲೀಚ್ ಹಾಕಿ, ರಾತ್ರಿಯಿಡೀ ಬಿಟ್ಟು, ಎರಡು ಸಲ ತೊಳೆದು ತುಂಬಿಸಿ. ಲೈಫ್ ಜಾಕೆಟನ್ನು ಬಾಯಿಂದ ಊದಿ ಮಾರನೆಯ ಬೆಳಿಗ್ಗೆ ಗಾಳಿ ನಿಂತಿದೆಯೇ ನೋಡಿ. ಅಪಾಯದಲ್ಲಿ ಹಾರಿಸುವ ಬೆಳಕಿನ ಸಂಕೇತ (ಫ್ಲೇರ್), ಬೆಂಕಿ ಆರಿಸುವ ಸಿಲಿಂಡರ್, ಅಡುಗೆ ಗ್ಯಾಸಿನ ಪೈಪು, ಇವುಗಳ ಮೇಲಿನ ದಿನಾಂಕ ಓದಿ.

ನೀರಿಗಿಳಿಸುವ ದಿನ

ಕ್ರೇನಿನ ಪಟ್ಟಿಗಳಲ್ಲಿ ದೋಣಿ ಎದ್ದಾಗ ಸ್ಟ್ಯಾಂಡ್ ತಾಗಿದ್ದ ಜಾಗಗಳಿಗೂ ಕೀಲಿನ ಅಡಿಗೂ ಬಣ್ಣ ಹಚ್ಚಿ. ಸ್ವಲ್ಪ ಬಣ್ಣ ಇದಕ್ಕೆಂದೇ ಉಳಿಸಿರಬೇಕು. ನೀರು ಮುಟ್ಟಿದ ಮೇಲೂ ಪಟ್ಟಿ ಸಡಿಲಿಸಲು ಬಿಡಬೇಡಿ. ಒಬ್ಬರು ಒಳಗಿಳಿದು ಟಾರ್ಚ್ ಹಿಡಿದು ಪ್ರತಿ ಸೀಕಾಕ್, ಶಾಫ್ಟ್ ಸೀಲ್ ನೋಡಲಿ. ರಬ್ಬರ್ ತುಟಿಯ ಸೀಲ್ ಆಗಿದ್ದರೆ ಅದನ್ನು ಹಿಂಡಿ ಗಾಳಿ ಬಿಡಬೇಕು, ಒಣಗಿ ತಿರುಗಿದರೆ ಸುಟ್ಟುಹೋಗುತ್ತದೆ. ಶಾಫ್ಟಿನ ಸುತ್ತ ಬತ್ತಿ ತುರುಕಿ ನಟ್ಟಿನಿಂದ ಬಿಗಿದ ಹಳೆಯ ಬಗೆಯ ಸೀಲ್, ಅಂದರೆ ಗ್ಲ್ಯಾಂಡ್ ಆಗಿದ್ದರೆ ಶಾಫ್ಟ್ ತಿರುಗುವಾಗ ನಿಮಿಷಕ್ಕೆ ಎರಡು ಮೂರು ಹನಿ ಸರಿ. ನಿಂತಾಗ ಹನಿ ನಿಲ್ಲಬೇಕು. ಎಂಜಿನ್ ಶುರುಮಾಡಿ, ಹೊಗೆಕೊಳವೆಯಿಂದ ತಂಪುನೀರು ಉಗುಳುತ್ತಿದೆಯೇ ನೋಡಿ, ಆಮೇಲೆ ಪಟ್ಟಿ ಬಿಡಿಸಲು ಹೇಳಿ. ಒಂದು ಗಂಟೆ ಓಡಿದ ಮೇಲೆ ಗ್ಲ್ಯಾಂಡನ್ನು ಕೈಯಿಂದ ಮುಟ್ಟಿ ನೋಡಿ: ಬೆಚ್ಚಗಿದ್ದರೆ ಪರವಾಗಿಲ್ಲ, ಕೈ ಇಡಲಾರದಷ್ಟು ಬಿಸಿಯಾಗಿದ್ದರೆ ಎಂಜಿನ್ ನಿಲ್ಲಿಸಿ ನಟ್ಟನ್ನು ಕಾಲು ಸುತ್ತು ಸಡಿಲಿಸಿ.