ಯುದ್ಧ ನಿಂತ ಮೇಲೆ ಮೆರೆದ ಕತ್ತಿ

1945ರ ಡಿಸೆಂಬರ್. ಯುದ್ಧ ಸೋತ ಜಪಾನಿನಲ್ಲಿ ಜನ ತಮ್ಮ ಆಯುಧಗಳನ್ನು ಸರ್ಕಾರಕ್ಕೆ ಒಪ್ಪಿಸುತ್ತಿದ್ದರು. ಟೋಕಿಯೊದ ಮೆಜಿರೊ ಪೊಲೀಸ್ ಠಾಣೆಗೆ, ಒಂದು ಕಾಲಕ್ಕೆ ಜಪಾನನ್ನೇ ಆಳಿದ ತೊಕುಗಾವಾ ಮನೆತನದ ಕೆಲವು ಕತ್ತಿಗಳೂ ಬಂದವು. ಅದರಲ್ಲೊಂದು ಹೊಂಜೊ ಮಸಮುನೆ. ಕತ್ತಿ ಮಾಡುವವರಲ್ಲೇ ದೊಡ್ಡ ಹೆಸರಾದ ಮಸಮುನೆ ಸುಮಾರು 700 ವರ್ಷಗಳ ಹಿಂದೆ ಬಡಿದು ಮಾಡಿದ್ದು ಅದು. 1939ರಲ್ಲಷ್ಟೇ ಅದನ್ನು ರಾಷ್ಟ್ರೀಯ ಸಂಪತ್ತು ಎಂದು ಘೋಷಿಸಿದ್ದರು. ಠಾಣೆಯಿಂದ ಅಮೆರಿಕದ ಸೈನಿಕನೊಬ್ಬ ಅದನ್ನು ಒಯ್ದ ಎನ್ನುತ್ತಾರೆ. ಇವತ್ತಿಗೂ ಪತ್ತೆಯಿಲ್ಲ.

ಜಪಾನಿನ ಹಳೆಯ ಯೋಧ ಸಮುರಾಯಿ ಎಂದರೆ ಕಣ್ಣ ಮುಂದೆ ಬರುವುದೇ ಕತ್ತಿ, ಅಲ್ವಾ? ಆದರೆ ರಣರಂಗದಲ್ಲಿ ಅವರು ಮೊದಲು ನಂಬಿದ್ದು ಬಿಲ್ಲನ್ನು, ಆಮೇಲೆ ಈಟಿಯನ್ನು. 1543ರಲ್ಲಿ ತಾನೆಗಾಶಿಮಾ ದ್ವೀಪಕ್ಕೆ ಪೋರ್ಚುಗೀಸರ ಜತೆ ಬಂದೂಕು ಬಂದ ಮೇಲಂತೂ ಕತ್ತಿ ಇನ್ನೂ ಹಿಂದೆ ಸರಿಯಿತು. ಅದಕ್ಕೆ ಮಾನ ಹೆಚ್ಚಿದ್ದು ಯುದ್ಧ ಕಡಿಮೆಯಾದಾಗ.

1588ರಲ್ಲಿ, ಆಗ ಜಪಾನನ್ನು ಆಳುತ್ತಿದ್ದ ತೊಯೊತೊಮಿ ಹಿದೆಯೊಶಿ ರೈತರ ಕತ್ತಿಗಳನ್ನೆಲ್ಲ ಕಿತ್ತುಕೊಂಡ. ಕ್ಯೋಟೊದಲ್ಲಿ ಕಟ್ಟುತ್ತಿರುವ ದೊಡ್ಡ ಬುದ್ಧನಿಗೆ ಮೊಳೆ ಬೇಕು, ಕೊಟ್ಟರೆ ಪುಣ್ಯ ಬರುತ್ತದೆ ಎಂಬ ನೆಪ ಬೇರೆ! ಭಯ ಇದ್ದದ್ದು ದಂಗೆಯದು. 1603ರಿಂದ ತೊಕುಗಾವಾ ಆಡಳಿತ. ಎರಡೂವರೆ ಶತಮಾನ ಬಹುಪಾಲು ಶಾಂತಿ. ಸೊಂಟದಲ್ಲಿ ಒಂದು ಉದ್ದ, ಒಂದು ಗಿಡ್ಡ ಕತ್ತಿ ಸಿಕ್ಕಿಸಿಕೊಂಡರೆ ಆತ ಸಮುರಾಯಿ ಎಂದು ಊರಿಗೇ ಗೊತ್ತಾಗುತ್ತಿತ್ತು. ಕತ್ತಿಯೇ ಸಮುರಾಯಿಯ ಆತ್ಮ ಎಂಬ ಮಾತು ಬೇರೂರಿದ್ದು ಇಂಥ ದಿನಗಳಲ್ಲಿ. ಎಷ್ಟೋ ಜನರ ಕತ್ತಿ ಒರೆಯಿಂದ ಹೊರಗೇ ಬರಲಿಲ್ಲ.

ಹಾಗೆಂದು ಕತ್ತಿಯ ಕಸುಬು ಬರೀ ಬಡಾಯಿ ಅಲ್ಲ. ಕಬ್ಬಿಣದ ಅಂಶವಿರುವ ಕಪ್ಪು ಮರಳನ್ನು ಇದ್ದಿಲಿನ ಜತೆ ಮಣ್ಣಿನ ಕುಲುಮೆಗೆ ಸುರಿದು ಮೂರು ಹಗಲು, ಮೂರು ರಾತ್ರಿ ಉರಿಸುತ್ತಾರೆ. ಶಿಮಾನೆ ಪ್ರಾಂತ್ಯದ ಒಕುಇಜುಮೊದಲ್ಲಿ 1977ರಿಂದ ಮತ್ತೆ ಇದು ನಡೆಯುತ್ತಿದೆ. ಸುಮಾರು 10 ಟನ್ ಮರಳು ಹಾಕಿದರೆ, ಕತ್ತಿಗೆ ಒದಗುವ ತಮಹಗಾನೆ ಎಂಬ ಉಕ್ಕು ಸಿಗುವುದು ಒಂದು ಟನ್ನಿಗೂ ಕಡಿಮೆ. ಅದನ್ನು ಬಡಿದು, ಮಡಚಿ, ಮತ್ತೆ ಬಡಿದು ಕಸ ತೆಗೆಯಬೇಕು. ಸಾವಿರ ಸಲ ಮಡಚುತ್ತಾರೆ ಎನ್ನುವುದು ಸುಮ್ನೆ ಕತೆ. ಹತ್ತು ಹದಿನೈದು ಸಲ ಸಾಕು. 15 ಸಲ ಮಡಚಿದರೆ 32,768 ಪದರ!

ನನಗೆ ಜಾಸ್ತಿ ಬೆರಗು ಹುಟ್ಟಿಸುವುದು ಕೊನೆಯ ಹಂತ. ಅಲಗಿಗೆ ಜೇಡಿಮಣ್ಣು ಮೆತ್ತುತ್ತಾರೆ. ಬೆನ್ನಿಗೆ ದಪ್ಪ, ಕೊಯ್ಯುವ ಬಾಯಿಗೆ ತೆಳು. ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಬಾಯಿ ಥಟ್ಟನೆ ತಣ್ಣಗಾಗಿ ಗಡುಸಾಗುತ್ತದೆ, ಬೆನ್ನು ನಿಧಾನವಾಗಿ ಆರಿ ಮೆದುವಾಗಿಯೇ ಉಳಿಯುತ್ತದೆ. ಗಡುಸಾದ ಭಾಗ ಹಿಗ್ಗುವುದರಿಂದ ಅಲಗು ತಾನಾಗಿ ಬೆನ್ನ ಕಡೆಗೆ ಬಾಗುತ್ತದೆ. ಎರಡೂ ಸೇರುವ ಕಡೆ ಅಲೆಯಂಥ ಬಿಳಿ ಗೆರೆ ಮೂಡುತ್ತದೆ. ಅದಕ್ಕೆ ಹಮೊನ್ ಎನ್ನುತ್ತಾರೆ. ನೀರಿಗೆ ಅದ್ದಿದ ಆ ಕ್ಷಣದಲ್ಲಿ ಅಲಗು ಸೀಳಿದರೆ ಅಷ್ಟು ದಿನದ ದುಡಿಮೆ ನೀರುಪಾಲು.

1876ರಲ್ಲಿ, ತೊಕುಗಾವಾ ಆಡಳಿತದ ನಂತರ ಬಂದ ಮೇಜಿ ಸರ್ಕಾರ ಕತ್ತಿ ಧರಿಸುವುದನ್ನೇ ನಿಷೇಧಿಸಿತು. ಸೈನಿಕರು, ಪೊಲೀಸರಂಥವರಿಗೆ ಮಾತ್ರ ವಿನಾಯಿತಿ. ಎಷ್ಟೋ ಕಮ್ಮಾರರು ಅಡುಗೆ ಚಾಕು, ಕುಡುಗೋಲು ಮಾಡಿ ಹೊಟ್ಟೆ ಹೊರೆದರು. ಎರಡನೇ ಮಹಾಯುದ್ಧದ ಹೊತ್ತಿಗೆ ಸೇನಾಧಿಕಾರಿಗಳಿಗಾಗಿ ಕಾರ್ಖಾನೆಗಳಲ್ಲಿ ರಾಶಿ ರಾಶಿ ಕತ್ತಿಗಳು ತಯಾರಾದವು.

ಸೋತ ಮೇಲೆ ಎಲ್ಲ ಕತ್ತಿಯೂ ನಾಶವಾಗಬೇಕಿತ್ತು. ಆದರೆ ಹೊಮ್ಮಾ ಜುಂಜಿಯಂಥ ಕತ್ತಿ ತಜ್ಞರು, ಆಗ ದೇಶವನ್ನು ಹಿಡಿತದಲ್ಲಿಟ್ಟುಕೊಂಡಿದ್ದ ಅಮೆರಿಕನ್ನರ ಮನವೊಲಿಸಿದರು. ಒಳ್ಳೆಯ ಕತ್ತಿ ಆಯುಧವಲ್ಲ, ಕಲಾಕೃತಿ ಎಂಬುದೇ ಅವರ ವಾದ. ಈಗಿನ ಕಾನೂನು ನಿಂತಿರುವುದೂ ಅದೇ ವಾದದ ಮೇಲೆ. ಕತ್ತಿ ಮಾಡುವ ಪರವಾನಗಿ ಬೇಕಾದರೆ ಗುರುವಿನ ಬಳಿ ಕನಿಷ್ಠ ಐದು ವರ್ಷ ದುಡಿಯಬೇಕು. ಆಮೇಲೂ ತಿಂಗಳಿಗೆ ಎರಡು ಉದ್ದ ಕತ್ತಿಗಿಂತ ಹೆಚ್ಚು ಮಾಡುವಂತಿಲ್ಲ. ಕಲೆ ಎಂದು ಒಪ್ಪಿದ ಪ್ರತಿ ಕತ್ತಿಗೂ ಒಂದು ನೋಂದಣಿ ಪತ್ರ. ಕಾರ್ಖಾನೆಯಲ್ಲಿ ತಯಾರಾಗಿ, ನಿಜವಾಗಿಯೂ ಯುದ್ಧಕ್ಕೆ ಹೋಗಿಬಂದ ಕತ್ತಿಗಳಿಗೆ ಮಾತ್ರ ಆ ಪತ್ರ ಸಿಗುವುದಿಲ್ಲ.