ಸೆಕೆಂಡಿಗೆ 78 ಸಲ ನಡುಗುತ್ತಿದ್ದ ಪಿಕಪ್

ನಮ್ಮ ಭಾವ ಪಾಂಡವಪುರದ ಹತ್ತಿರ ಕಬ್ಬು ಬೆಳೆಯುತ್ತಾರೆ. ಗದ್ದೆಗೂ ಪೇಟೆಗೂ ಓಡಾಡಲು ಒಂದು ಫೋರ್ ವೀಲ್ ಡ್ರೈವ್ ಪಿಕಪ್, ಅಂದರೆ ಬೇಕಾದಾಗ ನಾಲ್ಕೂ ಚಕ್ರಕ್ಕೆ ಇಂಜಿನ್ ಶಕ್ತಿ ಕೊಡುವ ಗಾಡಿ, ಇಟ್ಟುಕೊಂಡಿದ್ದಾರೆ. ಕ್ಲಚ್ ಕೆಲಸ ಮಾಡಿಸಿ ತಂದ ಮೇಲೆ ಅದಕ್ಕೊಂದು ನಡುಕ ಶುರುವಾಯಿತು. ಗಂಟೆಗೆ 80 ಕಿ.ಮೀ. ಮುಟ್ಟಿದರೆ ಸಾಕು, ಕಾಲಡಿಯ ತಗಡು ಗುಂಯ್ ಅನ್ನುತ್ತಿತ್ತು. ಕನ್ನಡಿಯಲ್ಲಿ ಹಿಂದಿನ ಗಾಡಿಗಳು ಮಸುಕಾಗುತ್ತಿದ್ದವು. ಮೈಸೂರು ತಲುಪುವ ಹೊತ್ತಿಗೆ ಪಾದ ಜೋಮು ಹಿಡಿದಿರುತ್ತಿತ್ತು.

ವೀಲ್ ಬ್ಯಾಲೆನ್ಸಿಂಗ್ ಎರಡು ಸಲ ಆಯಿತು. ಅಲೈನ್‌ಮೆಂಟ್ ಆಯಿತು. ಮುಂದಕ್ಕೆ ಎರಡು ಹೊಸ ಟೈರೂ ಬಂದವು. ನಡುಕ ಹೋಗಲಿಲ್ಲ. "ಮುಂದಿನ ಆಕ್ಸಲ್ಲೇ ಬದಲಾಯಿಸಬೇಕಂತೆ ಕಣೋ" ಎಂದು ಭಾವ ಹೇಳಿದಾಗ ನನಗೆ ಸಂಕಟವಾಯಿತು. ಅಷ್ಟು ದುಡ್ಡು ಸುರಿಯುವ ಮೊದಲು ಯಾರೂ ಆ ನಡುಕವನ್ನು ಎಣಿಸಿಯೇ ಇರಲಿಲ್ಲ.

ಗಾಡಿಯಲ್ಲಿ ತಿರುಗುವ ಭಾಗಗಳೆಲ್ಲ ಒಂದೇ ವೇಗದಲ್ಲಿ ತಿರುಗುವುದಿಲ್ಲ. ಭಾವನ ಪಿಕಪ್ಪಿನ ಟೈರ್ ಸುಮಾರು 75 ಸೆಂ.ಮೀ. ಎತ್ತರ ಇದೆ. ಒಂದು ಸುತ್ತಿಗೆ ಹತ್ತಿರ ಹತ್ತಿರ 2.35 ಮೀಟರ್ ಸಾಗುತ್ತದೆ. 80ರ ವೇಗ ಅಂದರೆ ಸೆಕೆಂಡಿಗೆ 22 ಮೀಟರ್. ಭಾಗಿಸಿದರೆ ಚಕ್ರ ಸೆಕೆಂಡಿಗೆ ಒಂಬತ್ತೂವರೆ ಸುತ್ತು ತಿರುಗುತ್ತದೆ. ಆಕ್ಸಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ (ಮುಂದಕ್ಕೊಂದು, ಹಿಂದಕ್ಕೊಂದು) ಇದಕ್ಕಿಂತ ಜೋರು. ಈ ಗಾಡಿಯಲ್ಲಿ ಚಕ್ರ ಒಂದು ಸುತ್ತು ತಿರುಗಿದರೆ ಶಾಫ್ಟ್ 4.1 ಸುತ್ತು. ಅಂದರೆ ಸೆಕೆಂಡಿಗೆ ಸುಮಾರು 39.

ಇಷ್ಟು ಗೊತ್ತಿದ್ದರೆ ಕೈಕಾಲೇ ಅರ್ಧ ಕಥೆ ಹೇಳುತ್ತವೆ. ಮುಂದಿನ ಚಕ್ರದ ದೋಷ ನಿಧಾನದ ಅಲುಗಾಟ, ಸ್ಟೀರಿಂಗ್ ಹಿಡಿದ ಕೈಗೆ ಸಿಗುತ್ತದೆ. ಶಾಫ್ಟಿನ ದೋಷ ಸಣ್ಣ ಜುಮುಜುಮು, ಸೀಟಿಗೂ ಪಾದಕ್ಕೂ ತಾಗುತ್ತದೆ. ಇಂಜಿನ್ ಮೇಲೆ ಅನುಮಾನ ಇದ್ದರೆ ಅದೇ 80ರಲ್ಲಿ ಗೇರ್ ಬದಲಿಸಿ ನೋಡಬೇಕು. ಇಂಜಿನ್ ವೇಗ ಬದಲಾದರೂ ನಡುಕ ಹಾಗೇ ಇದ್ದರೆ ಇಂಜಿನ್ ತಪ್ಪಲ್ಲ. ಭಾವನ ಗಾಡಿಯಲ್ಲಿ ಹಾಗೇ ಇತ್ತು.

ಒಂದೇ ವೇಗದಲ್ಲಿ ಯಾಕೆ ಜಾಸ್ತಿ ಅಂತ ಕೇಳುವವರಿದ್ದಾರೆ. ನಮ್ಮ ಕಡೆಯ ಆಲೆಮನೆ ನೋಡಿದ್ದರೆ ಇದು ಗೊತ್ತಿರುತ್ತದೆ. ಗಾಣದ ಡೀಸೆಲ್ ಇಂಜಿನ್ ಚಾಲೂ ಮಾಡಿದಾಗ ಒಂದು ಘಟ್ಟದಲ್ಲಿ ಮಾಡಿನ ಶೀಟುಗಳು ಗಡಗಡ ಅನ್ನುತ್ತವೆ. ವೇಗ ಏರಿದ ಮೇಲೆ ಸುಮ್ಮನಾಗುತ್ತವೆ. ಶೀಟಿಗೆ ತನ್ನದೇ ಒಂದು ನಡುಕದ ಲಯ ಇದೆ, ಇಂಜಿನ್ ಆ ಲಯಕ್ಕೆ ಬಂದಾಗ ಅದು ಕುಣಿಯುತ್ತದೆ. ಗಾಡಿಯ ತಗಡಿಗೂ ಹಾಗೇ.

"ಫೋರ್ ವೀಲ್ ಹಾಕಿ ನೋಡೋಣ್ವಾ?" ಎಂದರು ಭಾವ. ಬೇಡವೆಂದೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಜಾಸ್ತಿ ದಾರಿ ಸಾಗಬೇಕು. ಇಂಥ ಪಿಕಪ್ಪಿನಲ್ಲಿ ಮುಂದಿನ ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್, ಅಂದರೆ ಎರಡನ್ನೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು, ಇರುವುದಿಲ್ಲ. ಕೆಸರಿನಲ್ಲಿ ಚಕ್ರ ಜಾರಿ ಸರಿಹೋಗುತ್ತದೆ. ಒಣ ಟಾರಿನ ಮೇಲೆ ಜಾರಲು ಜಾಗವಿಲ್ಲ, ಗಾಡಿ ಎಳೆದೆಳೆದು ಜಿಗಿಯುತ್ತದೆ. ಸರಿಯಾಗಿರುವ ಗಾಡಿಯೂ ಹಾಗೇ ಮಾಡುತ್ತದೆ.

ನಾನು ಮಾಡಿದ್ದು ಇಷ್ಟೇ. ಮೊಬೈಲಿಗೆ ಫೈಫಾಕ್ಸ್ ಹಾಕಿಕೊಂಡೆ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿರುವ ಈ ಆ್ಯಪ್‌ಗೆ ಕಾಸು ಕೊಡಬೇಕಿಲ್ಲ. ಅದು ಮೊಬೈಲಿನೊಳಗಿನ ಸೆನ್ಸರ್ ಬಳಸಿ ಸೆಕೆಂಡಿಗೆ ಎಷ್ಟು ನಡುಕ ಎಂದು ಗೆರೆ ಎಳೆದು ತೋರಿಸುತ್ತದೆ. ಮೊಬೈಲನ್ನು ನೆಲದ ತಗಡಿಗೆ ಟೇಪ್ ಹಾಕಿ ಅಂಟಿಸಿ ಹೆದ್ದಾರಿಗೆ ಹೋದೆವು. ಭಾವ ವೇಗವನ್ನು 80ರಲ್ಲೇ ಹಿಡಿದಿಟ್ಟರು. ಗೆರೆ ಎದ್ದು ನಿಂತದ್ದು 78ರ ಹತ್ತಿರ. ಒಂಬತ್ತೂವರೆಯ ಬಳಿ ಇನ್ನೊಂದು ಸಣ್ಣ ಗುಬುಟು.

78 ಅಂದರೆ 39ರ ಎರಡರಷ್ಟು. ಇದನ್ನು ಕಂಡು ನನಗೆ ತುಂಬಾ ಖುಷಿಯಾಯಿತು, ಯಾಕೆಂದರೆ ಸುತ್ತಿಗೆ ಎರಡು ಸಲ ನಡುಗುವುದು ಜಾಯಿಂಟ್ ಕ್ರಾಸಿನ, ಅಂದರೆ ಶಾಫ್ಟ್ ಓರೆಯಾಗಿದ್ದರೂ ತಿರುಗಲು ಬಿಡುವ ಕೂಡಿಸು ಗುರುತಿನಂಥ ಕೀಲಿನ ಗುಣ. ಇಟಲಿಯ ಕಾರ್ಡಾನೋ ಹೆಸರಿನಿಂದಲೂ, ಸ್ಪ್ರಿಂಗಿನ ನಿಯಮ ಕೊಟ್ಟ ಇಂಗ್ಲೆಂಡಿನ ರಾಬರ್ಟ್ ಹುಕ್ ಹೆಸರಿನಿಂದಲೂ ಈ ಜಾಯಿಂಟನ್ನು ಕರೆಯುತ್ತಾರೆ. ಶಾಫ್ಟ್ ಓರೆಯಾಗಿದ್ದಾಗ ಕ್ರಾಸ್ ಸಮನಾಗಿ ತಿರುಗಿಸುವುದಿಲ್ಲ. 10 ಡಿಗ್ರಿ ಓರೆ ಇದ್ದರೆ, ಒಂದು ಸುತ್ತಿನಲ್ಲಿ ಎರಡು ಸಲ ಶೇ. 1.5ರಷ್ಟು ಮುಂದೋಡಿ ಎರಡು ಸಲ ಅಷ್ಟೇ ಹಿಂದೆ ಬೀಳುತ್ತದೆ. ಅದಕ್ಕೇ ಶಾಫ್ಟಿನ ಇನ್ನೊಂದು ತುದಿಗೂ ಕ್ರಾಸ್ ಇರುತ್ತದೆ. ಮೊದಲನೆಯದು ಮಾಡಿದ ಏರುಪೇರನ್ನು ಎರಡನೆಯದು ಅಳಿಸುತ್ತದೆ. ಆದರೆ ಶಾಫ್ಟಿನ ಎರಡು ತುದಿಯಲ್ಲಿ ಕ್ರಾಸನ್ನು ಹಿಡಿದಿರುವ ಕವಲುಗಳು ಒಂದೇ ನೇರಕ್ಕೆ ಕೂತಿರಬೇಕು. ಇಲ್ಲದಿದ್ದರೆ ಅಳಿಸುವ ಬದಲು ಇನ್ನಷ್ಟು ಕೂಡಿಸುತ್ತದೆ.

ಈ ಗಾಡಿಯ ಮುಂದಿನ ಹಬ್, ಅಂದರೆ ಚಕ್ರ ಕೂರುವ ನಡುಭಾಗ, ಆಕ್ಸಲ್‌ನಿಂದ ಬಿಡಿಸಲು ಬರುವುದಿಲ್ಲ. ಟೂ ವೀಲ್‌ನಲ್ಲಿ ಓಡಿದರೂ ಮುಂದಿನ ಶಾಫ್ಟ್ ತಿರುಗುತ್ತಲೇ ಇರುತ್ತದೆ. ಮಂಡ್ಯದಲ್ಲಿ ಪರಿಚಯದ ಮೆಕ್ಯಾನಿಕ್ ಒಬ್ಬರು ಅದನ್ನು ಬಿಚ್ಚಿಟ್ಟು, ಬರೀ ಹಿಂದಿನ ಚಕ್ರಗಳ ಮೇಲೆ ಓಡಿಸಲು ಹೇಳಿದರು. ಗುಂಯ್ ಸದ್ದು ಇಲ್ಲ! ಬಿಚ್ಚಿದ ಶಾಫ್ಟನ್ನು ಬೆಂಚಿನ ಮೇಲಿಟ್ಟು ನೋಡಿದರೆ ಎರಡು ಕವಲುಗಳು ಒಂದಕ್ಕೊಂದು ಓರೆ. ಉದ್ದ ಹೆಚ್ಚುಕಡಿಮೆ ಆಗಲಿ ಎಂದು ಈ ಶಾಫ್ಟ್ ನಡುವೆ ಹಲ್ಲುಗಳ ಮೇಲೆ ಜಾರುತ್ತದೆ. ಕ್ಲಚ್ ಕೆಲಸದಲ್ಲಿ ಬಿಚ್ಚಿದವರು ತಿರುಗಿ ಜೋಡಿಸುವಾಗ ಹಲ್ಲು ತಪ್ಪಿಸಿದ್ದರು. ಬಿಚ್ಚುವ ಮೊದಲು ಎರಡು ಕಡೆಗೂ ಒಂದು ಗೆರೆ ಪೇಂಟ್ ಬಳಿದಿದ್ದರೆ ಸಾಕಿತ್ತು. ಮೆಕ್ಯಾನಿಕ್ ಹಲ್ಲು ಸರಿಮಾಡಿ, ಗ್ರೀಸ್ ಹೊಡೆದು, ಹಳದಿ ಗೆರೆ ಎಳೆದು ಕೂರಿಸಿದರು.

ಉಳಿದದ್ದು ಒಂಬತ್ತೂವರೆಯ ಆ ಸಣ್ಣ ಗುಬುಟು. ಅದು ಚಕ್ರದ್ದೇ. ಆದರೆ ಬ್ಯಾಲೆನ್ಸಿಂಗ್ ಆಗಿತ್ತು, ಅಲ್ವಾ? ಬಗ್ಗಿ ನೋಡಿದರೆ ಬಲಗಡೆಯ ರಿಮ್ಮಿನ ಒಳಮೈಗೆ ಗದ್ದೆಯ ಕೆಸರು ಹತ್ತಿ ಒಣಗಿತ್ತು. ಕೆರೆದು ತೆಗೆದಾಗ ಒಂದು ಹಿಡಿ ಮಣ್ಣು. ನಡುವಿನಿಂದ 20 ಸೆಂ.ಮೀ. ದೂರದಲ್ಲಿ ಅಂಟಿದ ಬರೀ 100 ಗ್ರಾಂ ಮಣ್ಣು 80ರ ವೇಗದಲ್ಲಿ ಏಳು ಕಿಲೋ ಭಾರದಷ್ಟು ಜೋರಾಗಿ ಚಕ್ರವನ್ನು ಹೊರಕ್ಕೆ ಎಳೆಯುತ್ತದೆ. ವೇಗ ಅರ್ಧವಾದರೆ ಆ ಎಳೆತ ಕಾಲು ಭಾಗಕ್ಕೆ ಇಳಿಯುತ್ತದೆ. ಊರಿನ ರಸ್ತೆಯಲ್ಲಿ 40ರಲ್ಲಿ ಬರುವಾಗ ಭಾವನ ಕೈಗೆ ಅದು ತಿಳಿಯದೇ ಇದ್ದದ್ದು ಇದರಿಂದಲೇ.