ಎಂಜಿನ್ ಮೇಲಿನ ನಂಬರಿಗೆ ಯಾಕಿಷ್ಟು ಬೆಲೆ? ಹಳೇ ಅಮೆರಿಕನ್ ಕಾರುಗಳ ಜಾತಕ

ಮಾರಾಟಕ್ಕಿರುವ ಹಳೇ ಅಮೆರಿಕನ್ ಕಾರುಗಳ ವಿವರ ಓದುತ್ತಾ ಹೋದರೆ ಒಂದು ಮಾತು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ: ‘ಮ್ಯಾಚಿಂಗ್ ನಂಬರ್ಸ್’. ಫ್ಯಾಕ್ಟರಿಯಿಂದ ಹೊರಬಂದಾಗ ಇದ್ದ ಎಂಜಿನ್ನೇ ಇವತ್ತಿಗೂ ಕಾರಿನಲ್ಲಿದೆ ಅಂತ ಅರ್ಥ. ಒಂದೇ ವರ್ಷದ, ಒಂದೇ ಬಣ್ಣದ, ಅಷ್ಟೇ ಚೆನ್ನಾಗಿ ಓಡುವ ಎರಡು ಕಾರು ಪಕ್ಕಪಕ್ಕದಲ್ಲಿ ನಿಂತಿರಲಿ. ಈ ಮಾತು ನಿಜವಾಗಿರುವ ಕಾರಿಗೆ ಬೆಲೆ ತುಂಬಾ ಜಾಸ್ತಿ.

ನಮ್ಮಲ್ಲಿ ಆರ್‌ಸಿಯಲ್ಲಿ ಚಾಸಿ ನಂಬರ್ ಜೊತೆಗೆ ಎಂಜಿನ್ ನಂಬರೂ ಇರುತ್ತದೆ. ಎಂಜಿನ್ ಬದಲಾಯಿಸಿದರೆ ಆರ್‌ಟಿಒಗೆ ಹೋಗಿ ತಿದ್ದಿಸಬೇಕು. ಅಮೆರಿಕದಲ್ಲಿ ಕಾರಿನ ಒಡೆತನದ ಪತ್ರ ನಿಂತಿರುವುದು ಗುರುತಿನ ನಂಬರಿನ ಮೇಲೆ. ಅದನ್ನು ಅವರು ವಿನ್ ಅಂತಾರೆ. 17 ಅಕ್ಷರಗಳ ಈಗಿನ ವಿನ್ ಬಂದಿದ್ದು 1981ರ ಮಾಡೆಲ್‌ಗಳಿಂದ. ಅದಕ್ಕೂ ಮೊದಲು ಒಂದೊಂದು ಕಂಪನಿಗೆ ಒಂದೊಂದು ಲೆಕ್ಕ. ಯಾವುದು ಅಸಲಿ ಅಂತ ಗುರುತಿಸುವ ತೊಂದರೆಯ ಬೇರು ಇರುವುದು ಅಲ್ಲೇ.

1964ಕ್ಕೆ ಹೋಗೋಣ. ಮಧ್ಯಮ ಗಾತ್ರದ ಕಾರಿಗೆ 330 ಕ್ಯೂಬಿಕ್ ಇಂಚಿಗಿಂತ ದೊಡ್ಡ ಎಂಜಿನ್ ಹಾಕಬಾರದು ಅಂತ ಜನರಲ್ ಮೋಟಾರ್ಸ್ ತನ್ನ ವಿಭಾಗಗಳಿಗೆ ಕಟ್ಟುಪಾಡು ಹಾಕಿತ್ತು. ಪಾಂಟಿಯಾಕ್ ವಿಭಾಗದ ಮುಖ್ಯ ಎಂಜಿನಿಯರ್ ಜಾನ್ ಡಿಲೊರಿಯನ್ ಮತ್ತು ಅವರ ಜೊತೆಗಾರರು ಇದಕ್ಕೊಂದು ದಾರಿ ಹುಡುಕಿದರು. ಆ ನಿಯಮ ಹೊಸ ಮಾಡೆಲ್‌ಗಳಿಗೆ ಮಾತ್ರ, ಗ್ರಾಹಕರು ಕೇಳಿ ಹಾಕಿಸಿಕೊಳ್ಳುವ ಆಪ್ಷನ್‌ಗಳಿಗೆ ಅಲ್ಲ ಅನ್ನುವುದು ಅವರ ವಾದ. ಟೆಂಪೆಸ್ಟ್ ಲೆಮಾನ್ಸ್ ಕಾರಿಗೆ 389 ಕ್ಯೂಬಿಕ್ ಇಂಚಿನ, ಅಂದರೆ 6.4 ಲೀಟರಿನ ಎಂಜಿನ್ ಆಪ್ಷನ್ ಆಗಿ ಬಂತು. ಹೆಸರು ಜಿಟಿಒ. ಮೊದಲ ವರ್ಷವೇ 32,450 ಕಾರು ಹೋದವು. ಮಸಲ್ ಕಾರು ಅಂತ ಜಗತ್ತು ಕರೆಯುವ ಸಂತತಿ ಜೋರಾಗಿ ಶುರುವಾಗಿದ್ದು ಇಲ್ಲಿಂದ.

ಆದರೆ ಆಪ್ಷನ್ ಆಗಿದ್ದರಿಂದ ಅದರ ಗುರುತು ವಿನ್‌ನಲ್ಲಿ ಬರಲೇ ಇಲ್ಲ. 1964 ಮತ್ತು 1965ರ ಜಿಟಿಒಗೂ ಸಾದಾ ಲೆಮಾನ್ಸ್‌ಗೂ ನಂಬರಿನಲ್ಲಿ ವ್ಯತ್ಯಾಸವಿಲ್ಲ. 1966ರಲ್ಲಿ ಜಿಟಿಒ ಸ್ವಂತ ಮಾಡೆಲ್ ಆದಮೇಲೆ ವಿನ್ 242 ಅಂತ ಶುರುವಾಯಿತು. ಜನರಲ್ ಮೋಟಾರ್ಸ್‌ನ ಇನ್ನೊಂದು ವಿಭಾಗ ಶೆವ್ರೊಲೆಯಲ್ಲಿ ಆಗಿದ್ದು ಇದರ ಉಲ್ಟಾ. 1966ರಿಂದ 68ರವರೆಗೆ ಅದರ ಮಧ್ಯಮ ಗಾತ್ರದ ಶೆವೆಲ್ ಕಾರಿನ ಜೋರಿನ ಮಾದರಿ ಎಸ್‌ಎಸ್ 396ಕ್ಕೆ ಅದರದ್ದೇ ವಿನ್ ಇತ್ತು. 1969ರಲ್ಲಿ ಎಸ್‌ಎಸ್ ಅನ್ನು ಆಪ್ಷನ್ ಮಾಡಿದರು. ಹಾಗಾಗಿ 1970ರ ಎಲ್‌ಎಸ್6 ಶೆವೆಲ್, ಅಂದರೆ 454 ಕ್ಯೂಬಿಕ್ ಇಂಚು, 450 ಅಶ್ವಶಕ್ತಿಯ ಆ ದೈತ್ಯನ ವಿನ್ ನೋಡಿದರೆ ಅದು ವಿ8 (ಎಂಟು ಸಿಲಿಂಡರಿನ) ಎಂಜಿನ್ನಿನ ಮಾಲಿಬು, ಅಂದರೆ ಶೆವೆಲ್‌ನದೇ ಒಂದು ಸಾದಾ ಮಾದರಿ ಅಂತ ಮಾತ್ರ ಗೊತ್ತಾಗುತ್ತದೆ. ಫೋರ್ಡ್ ಮತ್ತು ಕ್ರೈಸ್ಲರ್ ಗಿರಾಕಿಗಳು ಪುಣ್ಯವಂತರು. ಅಲ್ಲಿ ಎಂಜಿನ್ ಯಾವುದು ಅಂತ ವಿನ್‌ನಲ್ಲೇ ಒಂದು ಅಕ್ಷರ ಹೇಳುತ್ತದೆ. ಕ್ರೈಸ್ಲರ್ ಬಳಗದ 1971ರ ಪ್ಲಿಮತ್ ಕುಡಾದ ವಿನ್‌ನಲ್ಲಿ ಐದನೇ ಅಕ್ಷರ ‘ಆರ್’ ಇದ್ದರೆ ಎಂಜಿನ್ 426 ಕ್ಯೂಬಿಕ್ ಇಂಚಿನ ಹೆಮಿ. ಆ ವರ್ಷ ಹೆಮಿ ಎಂಜಿನ್ ಇದ್ದ, ಚಾವಣಿ ಮಡಚುವ ಕುಡಾ ತಯಾರಾಗಿದ್ದು ಬರೀ 11. ಅದರಲ್ಲಿ ಒಂದು 2014ರಲ್ಲಿ ಸಿಯಾಟಲ್ ಹರಾಜಿನಲ್ಲಿ 35 ಲಕ್ಷ ಡಾಲರಿಗೆ ಹೋಯಿತು.

ಇಷ್ಟಕ್ಕೂ ಎಂಜಿನ್ನುಗಳು ಕಳೆದುಹೋಗಿದ್ದು ಹೇಗೆ? ಆಗ ಇವು ಯಾರಿಗೂ ಅಪರೂಪದ ವಸ್ತುಗಳಾಗಿರಲಿಲ್ಲ, ಅಲ್ವಾ? ಹುಡುಗರು ಡ್ರ್ಯಾಗ್ ರೇಸಿಗೆ ಒಯ್ದು ಎಂಜಿನ್ ಸುಟ್ಟರು. ವಾರಂಟಿಯಲ್ಲಿ ಬೇರೆ ಎಂಜಿನ್ ಬಂತು. ಆಮೇಲೆ ಇನ್‌ಶೂರೆನ್ಸ್ ಕಂತು ಏರಿತು, 1970ರ ವಾಯುಮಾಲಿನ್ಯ ಕಾಯ್ದೆ ಬಂತು, 1973ರಲ್ಲಿ ತೈಲ ಬಿಕ್ಕಟ್ಟು ಹೊಡೆಯಿತು. ಗ್ಯಾಲನ್‌ಗಟ್ಟಲೆ ಪೆಟ್ರೋಲ್ ಕುಡಿಯುವ ಈ ಕಾರುಗಳು ಅಗ್ಗದ ಸೆಕೆಂಡ್ ಹ್ಯಾಂಡ್ ಮಾಲಾದವು. ಎಂಜಿನ್ ಒಂದು ಕಡೆ, ಗೇರ್‌ಬಾಕ್ಸ್ ಇನ್ನೊಂದು ಕಡೆ ಹೋದವು. ಎಂಬತ್ತರ ದಶಕದ ಕೊನೆಗೆ, ಅದೇ ಹುಡುಗರು ಕೈತುಂಬ ದುಡಿಯುವ ವಯಸ್ಸಿಗೆ ಬಂದಾಗ ಬೆಲೆ ಏರಿತು. ಬೆಲೆಯ ಬೆನ್ನಿಗೇ ಸುಳ್ಳೂ ಬಂತು.

ಸುಳ್ಳು ಎಲ್ಲಿ ಸಿಕ್ಕಿಬೀಳುತ್ತದೆ ಅಂತ ಹತ್ತಿರದಿಂದ ನೋಡಿ. ಶೆವ್ರೊಲೆ ವಿ8 ಎಂಜಿನ್ನಿನ ಮುಂಭಾಗದಲ್ಲಿ, ಬಲಗಡೆ, ಸಿಲಿಂಡರ್ ಹೆಡ್ಡಿನ ಕೆಳಗೆ ಬೆರಳಗಲದ ಸಪಾಟು ಜಾಗವಿದೆ. ಗ್ರೀಸ್ ಒರೆಸಿದರೆ ಪಂಚ್ ಮಾಡಿದ ಅಕ್ಷರ ಕಾಣುತ್ತವೆ. ‘ಟಿ0214’ ಅಂತ ಶುರುವಾದರೆ, ನ್ಯೂಯಾರ್ಕ್ ರಾಜ್ಯದ ಟೊನವಾಂಡ ಫ್ಯಾಕ್ಟರಿಯಲ್ಲಿ ಫೆಬ್ರುವರಿ 14ರಂದು ಜೋಡಿಸಿದ ಎಂಜಿನ್. ಕೊನೆಯಲ್ಲಿರುವ ಎರಡು ಮೂರು ಅಕ್ಷರ ಅದು ಯಾವ ಕಾರಿಗೆ, ಯಾವ ಗೇರ್‌ಬಾಕ್ಸಿಗೆ ಅಂತ ಹೇಳುತ್ತವೆ. ಆ ಕಾಲದ ಶೆವೆಲ್‌ನಲ್ಲಿ ಕಾರಿನ ವಿನ್‌ನ ಒಂದು ತುಂಡನ್ನೂ ಎಂಜಿನ್ ಮೇಲೆ ಹೊಡೆದಿರುತ್ತಾರೆ. ಹಳೇ ಅಕ್ಷರ ಉಜ್ಜಿ ಹೊಸದು ಹೊಡೆಯುವುದು ಕಷ್ಟವಲ್ಲ. ಆದರೆ ಫ್ಯಾಕ್ಟರಿಯ ಮಷೀನು ಆ ಜಾಗವನ್ನು ಸಮ ಮಾಡುವಾಗ ಕೂದಲೆಳೆಯಂಥ ನೇರ ಗೆರೆಗಳು ಉಳಿಯುತ್ತವೆ, ಮುಂದಿನಿಂದ ಹಿಂದಕ್ಕೆ, ಒಂದರ ಪಕ್ಕ ಒಂದು. ಉಜ್ಜಿದರೆ ಆ ಗೆರೆ ಹೋಗುತ್ತವೆ. ತಿಳಿದವರು ಟಾರ್ಚ್ ಹಿಡಿದು ಮೊದಲು ಗೆರೆ ನೋಡುತ್ತಾರೆ, ಆಮೇಲೆ ನಂಬರ್. ಎಂಜಿನ್ನಿನ ಬ್ಲಾಕ್, ಅಂದರೆ ಅದರ ಮುಖ್ಯ ಒಡಲು, ಎರಕ ಹೊಯ್ದ ತಾರೀಖೂ ಅದರ ಮೇಲೆಯೇ ಉಬ್ಬಿಕೊಂಡಿರುತ್ತದೆ. ಕಾರು ತಯಾರಾದ ದಿನಕ್ಕಿಂತ ಆ ತಾರೀಖು ಈಚಿನದಾಗಿದ್ದರೆ ಮುಂದೆ ಮಾತೇ ಬೇಡ.

ಇನ್ನೊಂದು ಸಾಕ್ಷಿ ಕಾಗದ. ಯಾವ ಕಾರಿಗೆ ಏನೇನು ಹಾಕಬೇಕು ಅಂತ ಅಸೆಂಬ್ಲಿ ಲೈನಿನಲ್ಲಿ ಒಂದು ಹಾಳೆ ಇರುತ್ತಿತ್ತು, ಬಿಲ್ಡ್ ಶೀಟ್. ಕೆಲಸ ಮುಗಿದ ಮೇಲೆ ಅದು ಬೇಡದ ಕಾಗದ. ಎಷ್ಟೋ ಹಾಳೆಗಳು ಸೀಟಿನ ಸ್ಪ್ರಿಂಗ್ ಒಳಗೆ, ಪೆಟ್ರೋಲ್ ಟ್ಯಾಂಕಿನ ಮೇಲೆ ಸುಮ್ನೆ ಉಳಿದುಬಿಟ್ಟವು. ಐವತ್ತು ವರ್ಷದ ಮೇಲೆ ಟ್ಯಾಂಕ್ ಇಳಿಸಿದವರಿಗೆ ಕಂದು ಬಣ್ಣಕ್ಕೆ ತಿರುಗಿ ಪುಡಿಪುಡಿಯಾಗುವ ಆ ಹಾಳೆ ಸಿಕ್ಕರೆ ಕಾರಿನ ಜಾತಕವೇ ಸಿಕ್ಕಂತೆ. ಪಾಂಟಿಯಾಕ್‌ನ ಹಳೇ ಬಿಲ್ಲುಗಳು ಉಳಿದಿವೆ, ಹಣ ಕಟ್ಟಿದರೆ ನಕಲು ಸಿಗುತ್ತದೆ. ಫೋರ್ಡ್‌ನ 1967ರಿಂದೀಚಿನ ದಾಖಲೆಗಳಿಂದ ‘ಮಾರ್ಟಿ ರಿಪೋರ್ಟ್’ ತೆಗೆಸಬಹುದು. ಅಮೆರಿಕದಲ್ಲಿ ಮಾರಿದ ಶೆವೆಲ್‌ಗಳಿಗೆ ಆ ಅನುಕೂಲವಿಲ್ಲ. ಕೆನಡಾದಲ್ಲಿ ಮಾರಾಟವಾಗಿದ್ದ ಕಾರಿಗೆ ಉಂಟು, ಅಲ್ಲಿನ ಕಂಪನಿ ಕಾಗದಪತ್ರ ಜೋಪಾನ ಮಾಡಿತ್ತು.

ಸಾದಾ ಮಾಲಿಬುವನ್ನು ಎಸ್‌ಎಸ್ ತರಹ ಸಿಂಗರಿಸಿ ಓಡಿಸುವುದು ತಪ್ಪಲ್ಲ ಅನ್ನುವವನು ನಾನು. ‘ಕ್ಲೋನ್’ ಅಂತ ಬಾಯಿಬಿಟ್ಟು ಹೇಳಿ ಮಾರಿದರೆ ಕೊಳ್ಳುವವರೂ ಖುಷಿಯಾಗಿ ಕೊಳ್ಳುತ್ತಾರೆ. ಎರಡು ಮೂರು ಕೈ ಬದಲಾದಾಗ ಆ ಒಂದು ಪದ ಬಿಟ್ಟುಹೋಗುತ್ತದಲ್ಲ, ಅದು ನನಗೆ ಹೊಟ್ಟೆ ಉರಿಸುವ ಸಂಗತಿ. ಮೋಸ ಹೋಗುವುದು ಕೊನೆಗೆ ಕೊಂಡವರು.

ಮೋಸ ತಡೆಯುವ ಕಾನೂನೂ ಕೆಲವು ಸಲ ಪ್ರಾಮಾಣಿಕರಿಗೇ ತಿರುಗುತ್ತದೆ. ಕಾನ್ಸಾಸ್ ರಾಜ್ಯದಲ್ಲಿ ಒಬ್ಬರು 1959ರ ಶೆವ್ರೊಲೆ ಕಾರ್ವೆಟ್ ಕೊಂಡರು. 2017ರಲ್ಲಿ ನೋಂದಣಿಗೆ ಮುಂಚಿನ ತಪಾಸಣೆಯಲ್ಲಿ ವಿನ್ ಫಲಕ ತೆಗೆದು ಮತ್ತೆ ರಿವೆಟ್ ಹೊಡೆದಿರುವುದು ಕಂಡಿತು. ಹಿಂದೆ ಯಾರೋ ರಿಪೇರಿ ಮಾಡುವಾಗ ಬಿಚ್ಚಿದ್ದರು, ಅಷ್ಟೇ. ಕಾರು ಜಪ್ತಿಯಾಯಿತು. ಕೊಂಡವರದ್ದು ಏನೂ ತಪ್ಪಿಲ್ಲ ಅಂತ ಎಲ್ಲರೂ ಒಪ್ಪಿದರೂ ಆಗಿನ ಕಾನೂನಿನ ಪ್ರಕಾರ ಅದನ್ನು ನಾಶ ಮಾಡಬೇಕಿತ್ತು. 2022ರಲ್ಲಿ ಶಾಸಕರು ಕಾನೂನು ತಿದ್ದಿದರು. ರಿಪೇರಿಗಾಗಿ ಫಲಕ ಬಿಚ್ಚಿ ಹಾಕಿದರೆ ಅಲ್ಲೀಗ ಅಪರಾಧವಲ್ಲ.

ಕಾಗದ ಗೆದ್ದ ಕಥೆಯೂ ಇದೆ. ‘ಬುಲಿಟ್’ ಸಿನಿಮಾದಲ್ಲಿ ಸ್ಟೀವ್ ಮೆಕ್‌ಕ್ವೀನ್ ಓಡಿಸಿದ ಹಸಿರು ಫೋರ್ಡ್ ಮಸ್ಟಾಂಗ್‌ನ ವಿನ್ 8ಆರ್02ಎಸ್125559. ಮೊದಲ 8 ಅಂದರೆ 1968, ಆರ್ ಅಂದರೆ ಸ್ಯಾನ್ ಹೋಸೆ ಫ್ಯಾಕ್ಟರಿ, ಎಸ್ ಅಂದರೆ 390 ಎಂಜಿನ್. 1974ರಲ್ಲಿ ಪತ್ರಿಕೆಯ ಜಾಹೀರಾತು ನೋಡಿ ಒಂದು ಕುಟುಂಬ ಕೊಂಡಿತು. ಆ ಮನೆಯಾಕೆ ಟೀಚರ್, ಅದರಲ್ಲೇ ಶಾಲೆಗೆ ಹೋಗಿಬರುತ್ತಿದ್ದರು. 1977ರಲ್ಲಿ ಸ್ವತಃ ಮೆಕ್‌ಕ್ವೀನ್ ಕಾರು ವಾಪಸ್ ಕೊಡಿ ಅಂತ ಪತ್ರ ಬರೆದರು. ಮನೆಯವರು ಕೊಡಲಿಲ್ಲ, ಪತ್ರವನ್ನು ಮಾತ್ರ ಜೋಪಾನವಾಗಿ ಎತ್ತಿಟ್ಟರು. ಕ್ಲಚ್ ಹೋದಮೇಲೆ ಕಾರು ದಶಕಗಟ್ಟಲೆ ಶೆಡ್ಡಿನಲ್ಲಿ ನಿಂತಿತು.

ಸಿನಿಮಾದ ಸ್ಟಂಟ್‌ಗೆ ಬಳಸಿದ ಜೋಡಿ ಕಾರು, ಒಂದೇ ಒಂದು ನಂಬರ್ ಹಿಂದಿನದು, 2017ರಲ್ಲಿ ಮೆಕ್ಸಿಕೋದಲ್ಲಿ ಸಿಕ್ಕಿತು. ಅದನ್ನು ಬೇರೊಂದು ಸಿನಿಮಾದ ಮಸ್ಟಾಂಗ್‌ನ ಕ್ಲೋನ್ ಮಾಡಲು ಹೊರಟಿದ್ದರು. ವಿನ್ ತಾಳೆ ನೋಡಿದ್ದರಿಂದ ಉಳಿಯಿತು.

2020ರ ಜನವರಿಯಲ್ಲಿ ಫ್ಲಾರಿಡಾದ ಕಿಸಿಮಿಯಲ್ಲಿ ಮೆಕ್‌ಕ್ವೀನ್ ಓಡಿಸಿದ ಕಾರು ಹರಾಜಿಗೆ ಬಂತು. ಹೊಸ ಪೇಂಟ್ ಮಾಡಿರಲಿಲ್ಲ. ತುಕ್ಕು, ತಗ್ಗು ಎಲ್ಲಾ ಹಾಗೇ ಇದ್ದವು. ಹರಾಜು ಕಮಿಷನ್ ಸೇರಿ 37.4 ಲಕ್ಷ ಡಾಲರಿಗೆ ನಿಂತಿತು. ಕೊಂಡವರ ಮನೆಗೆ ಕಾರಿನ ಜೊತೆ ಮೆಕ್‌ಕ್ವೀನ್ ಬರೆದ ಆ ಪತ್ರವೂ ಹೋಯಿತು.